ಎಳ್ಳು ಬೆರೆಸಿದ ಸೊಪ್ಪಿನುಪ್ಪು

ಕೆಮ್ಮಣ್ಣುಗುಂಡಿ
೫ ಜೂನ್ ೧೯೨೭

ಅತ್ತಿಗೆಯವರಿಗೆ ಸುಲೋಚನ ಮಾಡುವ ನಮಸ್ಕಾರ.

ಎಂಟು ತಿಂಗಳು ಕಾಗದ ಹಾಕದವಳು ಈಗ ಯಾವ ಕೆಲಸಕ್ಕೆ ಹಾಕಿದಳು ಎಂದು ನೀವು ಅಣ್ಣನ ಹತ್ತಿರ ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಮನೆ ಸಾಗಿಸುವ ಗಡಿಬಿಡಿಯಲ್ಲಿದ್ದೆ. ಇವರಿಗೆ ಇಲ್ಲಿನ ಅದಿರಿನ ಗಣಿಯಲ್ಲಿ ಮೇಸ್ತ್ರಿ ಕೆಲಸ ಕಾಯಂ ಆಯಿತು. ಉಕ್ಕಿನ ಹಗ್ಗಕ್ಕೆ ತೊಟ್ಟಿಗಳನ್ನು ನೇತುಹಾಕಿ ಗುಡ್ಡದಿಂದ ಅದಿರು ಇಳಿಸುತ್ತಾರಲ್ಲ, ಅದರ ಉಸ್ತುವಾರಿ. ಅತ್ತೆಯವರು ತರೀಕೆರೆಯಲ್ಲಿ ದೊಡ್ಡ ಮಗನ ಮನೆಯಲ್ಲೇ ಉಳಿದರು. ಹೋದ ತಿಂಗಳು ನಾವಿಬ್ಬರೇ ಗುಡ್ಡ ಹತ್ತಿದೆವು. ತಗಡಿನ ಮಾಡಿನ ಸಾಲುಮನೆ. ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ.

ಕಣ್ಣು ಹಾಯಿಸಿದ ಕಡೆಯೆಲ್ಲ ಹಸಿರು, ಆದರೆ ಒಗ್ಗರಣೆಗೆ ಹಾಕುವ ಹಸಿರು ಒಂದೆಳೆಯೂ ಇಲ್ಲ. ಕೊತ್ತಂಬರಿ ಸೊಪ್ಪು ತರೀಕೆರೆ ಸಂತೆಯಿಂದ ಬರಬೇಕು. ಬರುವಷ್ಟರಲ್ಲಿ ಮೂಟೆಯ ತಳದಲ್ಲಿ ಕೊಳೆತಿರುತ್ತದೆ. ಮಳೆ ಜೋರು ಹಿಡಿದರೆ ಗಾಡಿಯೂ ಹತ್ತುವುದಿಲ್ಲವಂತೆ.

ಅದಕ್ಕೇ ಕೇಳುತ್ತಿದ್ದೇನೆ. ನೀವು ಬಾವಿಯ ಹತ್ತಿರದ ಮಡಿಯಲ್ಲಿ ಬೆಳೆದ ಸೊಪ್ಪನ್ನು ಉಪ್ಪಿನ ಜೊತೆ ಕುಟ್ಟಿ, ಒಣಗಿಸಿ, ವರ್ಷಕ್ಕಾಗುವಷ್ಟು ಜಾಡಿಗೆ ತುಂಬುತ್ತಿದ್ದಿರಲ್ಲ, ಆ ಸೊಪ್ಪಿನುಪ್ಪು ಒಂದು ಜಾಡಿ ಕಳಿಸುತ್ತೀರಾ? ಇವರಿಗೆ ಬಾಯಿ ರುಚಿ ಕೆಟ್ಟಿದೆ. ಅನ್ನ ಕಂಡರೆ ಮುಖ ತಿರುಗಿಸುತ್ತಾರೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ನಿಮ್ಮ ಉಪ್ಪು ಕಲಸಿಕೊಟ್ಟರೆ ನಾಲ್ಕು ತುತ್ತು ಇಳಿಯಬಹುದು ಎಂದು ನನ್ನಾಸೆ.

ನಾನು ಚೆನ್ನಾಗಿದ್ದೇನೆ.

ಸುಲೋಚನ

*

ಅಜ್ಜಂಪುರ
೧೪ ಜೂನ್ ೧೯೨೭

ಚಿರಂಜೀವಿ ಸುಲೋಚನಳಿಗೆ ಅತ್ತಿಗೆ ಕರಿಬಸಮ್ಮನ ಆಶೀರ್ವಾದ.

ನನಗೆ ‘ನೀವು’ ಎಂದು ಬರೆಯಲು ಯಾರು ಹೇಳಿಕೊಟ್ಟರು? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಏಳು ವರ್ಷ. ಮರುವರ್ಷ ನಿಮ್ಮವ್ವ ತೀರಿಕೊಂಡರು. ಅಲ್ಲಿಂದ ನಿನ್ನ ತಲೆಯ ಹೇನು ಹೆಕ್ಕಿದ್ದು ನಾನು, ನೀನು ಮೊಣಕಾಲು ಕೆತ್ತಿಕೊಂಡು ಬಂದಾಗ ಅರಿಶಿನ ಮೆತ್ತಿದ್ದು ನಾನು. ಶಾಲೆಯಿಂದ ಬಂದು ನನ್ನ ಮುಂದೆ ಸ್ಲೇಟು ಇಟ್ಟು ಅಆಇಈ ತಿದ್ದಿಸಿದವಳು ನೀನು. ಈ ಅಕ್ಷರ ಸೊಟ್ಟಗಿದ್ದರೆ ಮೇಷ್ಟರ ತಪ್ಪು.

ದಸರೆಗೆ ತರೀಕೆರೆಗೆ ಬಂದು ನಿನ್ನನ್ನು ನೋಡಿ ಹೋದವಳು ನಾನು, ಆಮೇಲೆ ನಿನ್ನಿಂದ ಒಂದಕ್ಷರವಿಲ್ಲ. ನಿನಗೆ ಹಾಗೆ ಬಸುರು ಇಳಿದುಹೋಯಿತು ಎಂದು ತಿಳಿದಾಗ ಹೊರಟು ನಿಂತಿದ್ದೆ. ‘ಅವಳು ಸುಧಾರಿಸಿಕೊಳ್ಳಲಿ, ಈಗ ಯಾರೂ ಬೇಡ’ ಎಂದು ನಿನ್ನ ಅತ್ತೆ ಲಿಂಗಮ್ಮನವರು ಹೇಳಿಕಳಿಸಿದರು. ನಿಮ್ಮಣ್ಣ ಒಬ್ಬರೇ ಬಂದು ಹೋದರು. ಯುಗಾದಿಗೆ ಗಾಡಿ ಕಳಿಸಿ ಕರೆಸಿಕೊಳ್ಳಲಿಲ್ಲ ಅಂತ ನಿನಗೆ ಕೋಪವೇ? ಎತ್ತಿನ ಕಾಲು ಉಳುಕಿತ್ತು ಕಣೇ. ಬೇಕಾದರೆ ಆ ಎತ್ತನ್ನೇ ಕೇಳು.

ಸೊಪ್ಪಿನುಪ್ಪು ಕಳಿಸುತ್ತೇನೆ. ಹೊಸ ಮಡಿಯ ಕೊತ್ತಂಬರಿ ಕೈಗೆ ಬರಲು ಎರಡು ವಾರ ಬೇಕು. ಅಷ್ಟರೊಳಗೆ ಸಿಕ್ಕಿದ ಸೊಪ್ಪಿನಲ್ಲಿ ನೀನೇ ಒಂದಿಷ್ಟು ಮಾಡಿ ನೋಡು. ಸೊಪ್ಪು ಮೂರು ಪಾಲು, ಹರಳುಪ್ಪು ಒಂದು ಪಾಲು. ತೊಳೆದ ಸೊಪ್ಪು ಬಟ್ಟೆಯ ಮೇಲೆ ಪೂರ್ತಿ ಆರಬೇಕು, ಒಂದು ಹನಿ ನೀರು ಉಳಿದರೂ ಕೆಡುತ್ತದೆ. ಒರಳಿನಲ್ಲಿ ಉಪ್ಪು ಸೊಪ್ಪು ಒಟ್ಟಿಗೆ ಹಾಕಿ ಕುಟ್ಟು, ಹರಳೇ ಸೊಪ್ಪನ್ನು ಹರಿಯುತ್ತದೆ. ಮೊರದಲ್ಲಿ ತೆಳ್ಳಗೆ ಹರಡಿ ನೆರಳಲ್ಲಿ ನಾಲ್ಕು ದಿನ ಬಿಡು. ಬಿಸಿಲಿಗಿಟ್ಟರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ.

ಮೇಸ್ತ್ರಿಗಳಿಗೆ ಏನೇನು ತೊಂದರೆ ಎಂದು ಸರಿಯಾಗಿ ಬರೆ. ಅದಕ್ಕೆ ತಕ್ಕ ಹಾಗೆ ಉಪ್ಪು ಕೂಡಿಸುತ್ತೇನೆ.

ಕರಿಬಸಮ್ಮ

*

ಕೆಮ್ಮಣ್ಣುಗುಂಡಿ
೨೫ ಜೂನ್ ೧೯೨೭

ಅತ್ತಿಗೆ,

ನೀನು ಎಂದೇ ಬರೆಯುತ್ತೇನೆ, ಬೈಯಬೇಡ. ಹೌದು, ಯುಗಾದಿಯ ಗಾಡಿಗೇ ಕೋಪ ಬಂದಿತ್ತು. ಈಗ ಇಲ್ಲ. ಎತ್ತಿಗೂ ನನ್ನ ಕ್ಷಮೆ ಇದೆ.

ನೀನು ಹೇಳಿದಂತೆ ಮಾಡಿದೆ. ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟಿದ್ದ ದೊಡ್ಡಪತ್ರೆ ಕಿತ್ತು, ಅದಿರು ತುಂಬುವ ಹೆಂಗಸೊಬ್ಬಳು ಕೊಟ್ಟ ಒಂದು ಕಟ್ಟು ಕೊತ್ತಂಬರಿ ಸೇರಿಸಿ ಕುಟ್ಟಿದೆ. ಮೊರದಲ್ಲಿ ಹರಡಿ ಕೋಣೆಯಲ್ಲಿಟ್ಟೆ. ನೆರಳು ಬೇಕು ಅಂದೆಯಲ್ಲ, ಇಲ್ಲಿ ಇರುವುದೆಲ್ಲ ನೆರಳೇ. ಎರಡನೇ ದಿನ ಮಂಜು ಕಿಟಕಿಯಿಂದ ಒಳಗೆ ಬಂತು. ಮೂರನೇ ದಿನ ಉಪ್ಪು ನೀರೊಡೆದು ಮೊರದಿಂದ ತೊಟ್ಟಿಕ್ಕತೊಡಗಿತು. ನಾಲ್ಕನೇ ದಿನ ಕಪ್ಪು ಕೆಸರು. ಇವರು ನೋಡಿ, “ಇದನ್ನ ಗಾಲಿಗೆ ಹಚ್ಚಿದ್ರೆ ಕೀಲೆಣ್ಣೆ ಉಳೀತದೆ” ಅಂದರು.

ಇವರ ತೊಂದರೆ ಕೇಳಿದೆಯಲ್ಲ. ಬೆಳಿಗ್ಗೆ ಎದ್ದ ತಕ್ಷಣ ವಾಕರಿಕೆ. ಒಗ್ಗರಣೆಯ ವಾಸನೆ ಬಂದರೆ ಎದ್ದು ಹೊರಗೆ ಓಡಬೇಕು. ಮಧ್ಯಾಹ್ನ ಕೂತಲ್ಲೇ ನಿದ್ದೆ. ಹುಣಿಸೆಹಣ್ಣು ಮಾತ್ರ ಬೇಕೆನಿಸುತ್ತದೆ. ತುಪ್ಪದ ಅನ್ನಕ್ಕೆ ನಿನ್ನ ಉಪ್ಪು ಎಂದು ನೆನೆದರೆ ಬಾಯಲ್ಲಿ ನೀರು ಬರುತ್ತದೆ, ಇವರಿಗೆ.

ಬೇಗ ಕಳಿಸು ಅತ್ತಿಗೆ. ಇಂಥದ್ದೊಂದಕ್ಕೆ ಅಳುವುದೇ ಎಂದು ನಗಬೇಡ, ನಿನ್ನೆ ಆ ಕೆಸರು ಚೆಲ್ಲುವಾಗ ನನಗೆ ಅಳು ಬಂತು.

ಸುಲೋಚನ

*

ಅಜ್ಜಂಪುರ
೬ ಜುಲೈ ೧೯೨೭

ಚಿರಂಜೀವಿ ಸುಲೋಚನಳಿಗೆ,

ಉಪ್ಪು ತಯಾರಾಯಿತು. ನಮ್ಮೂರಿನ ದೊಡ್ಡಬೀರಪ್ಪ ನಿಮ್ಮ ಗಣಿಯಲ್ಲೇ ಕೂಲಿಗಿದ್ದಾನಲ್ಲ, ಊರಿಗೆ ಬಂದಿದ್ದವನು ನಾಳೆ ಹೊರಡುತ್ತಾನೆ, ಅವನ ಹತ್ತಿರ ಜಾಡಿ ಕೊಟ್ಟಿದ್ದೇನೆ. ಈ ಕಾಗದವನ್ನೂ ಕೊಟ್ಟರೆ ದಾರಿಯಲ್ಲಿ ಹೊಗೆಸೊಪ್ಪು ಕಟ್ಟಿಕೊಳ್ಳುತ್ತಾನೆ, ಅದಕ್ಕೆ ಅಂಚೆಗೆ ಹಾಕುತ್ತಿದ್ದೇನೆ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ. ಹೊಸಿಲು ದಾಟಿ ನೆಲದ ಮೇಲಿಡು, ಅವಳು ಎತ್ತಿಕೊಳ್ಳಲಿ ಎಂದು ಮೂರು ಸಲ ಹೇಳಿದ್ದೇನೆ.

ಮೇಸ್ತ್ರಿಗಳ ಕಾಯಿಲೆಯನ್ನು ಸೂಲಗಿತ್ತಿ ಅಂಜಿನಮ್ಮನ ಮುಂದೆ ಓದಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಕರಿಬಸವ್ವ, ಇದು ಗಂಡಸ್ರ ಕಾಯ್ಲೆ ಅಲ್ಲ ಕಣವ್ವ” ಅಂದಳು. ಬೈದೆ. “ಹಂಗೇನಾದ್ರೂ ಇದ್ದಿದ್ರೆ ಸುಲೋಚನ ಮೊದ್ಲು ನಂಗೇ ಬರೀತಿದ್ಲು, ಸುಮ್ನಿರು” ಅಂದೆ. ನನಗೆ ಗೊತ್ತು, ಇದು ಪಿತ್ತ. ಮೇಲಿಂದ ಗುಡ್ಡದ ಥಂಡಿ.

ಅದಕ್ಕೆ ತಕ್ಕಂತೆಯೇ ಮಾಡಿದ್ದೇನೆ. ಕೊತ್ತಂಬರಿ, ಕರಿಬೇವು, ದೊಡ್ಡಪತ್ರೆ, ಹಸಿಮೆಣಸಿನಕಾಯಿ ಎಂದಿನಂತೆ. ಜೊತೆಗೆ ಓಮ, ಕಾಳುಮೆಣಸು, ಒಣಶುಂಠಿ. ದಿನಾ ಗುಡ್ಡ ಹತ್ತಿಳಿಯುವ ಮೈಗೆ ಬಲ ಬರಲಿ ಎಂದು ಒಂದು ಹಿಡಿ ಕರಿಎಳ್ಳನ್ನೂ ಹುರಿದು ನುಣ್ಣಗೆ ಕುಟ್ಟಿ ಬೆರೆಸಿದ್ದೇನೆ. ಹಸಿರಿನಲ್ಲಿ ಎಳ್ಳು ತಿಳಿಯುವುದಿಲ್ಲ, ಬಣ್ಣ ಸ್ವಲ್ಪ ಕಂದಿದೆ ಅಷ್ಟೆ.

ಇನ್ನು ನಿನ್ನ ಕೆಸರಿನ ಸಂಗತಿ. ನಿಮ್ಮ ಊರಿಗೆ ನನ್ನ ನೆರಳಿನ ಲೆಕ್ಕ ಹೊಂದುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಒಲೆಯ ಮೇಲೆ ಎತ್ತರದಲ್ಲಿ ಬಿದಿರುದಬ್ಬೆಯ ಒಂದು ಜಲ್ಲಿ ಕಟ್ಟಿಸಿಕೊಂಡು, ಬೆಂಕಿ ಆರಿಸಿದ ಮೇಲೆ ಮೊರವನ್ನು ಅಲ್ಲಿಡು. ಜಾಡಿಯ ತಳದಲ್ಲಿ ಹುರಿದ ಅಕ್ಕಿಯ ಗಂಟು ಹಾಕು, ಥಂಡಿಯನ್ನು ಅದು ಕುಡಿಯುತ್ತದೆ.

ಅಳು ಬಂತು ಎಂದು ಬರೆದೆಯಲ್ಲ, ಅದೊಂದು ನನಗೆ ಸರಿಬರಲಿಲ್ಲ. ಒಬ್ಬಳೇ ಇದ್ದು ಬೇಸರವಾಗುತ್ತಿದೆಯೇ?

ಕರಿಬಸಮ್ಮ

*

ಕೆಮ್ಮಣ್ಣುಗುಂಡಿ
೧೧ ಜುಲೈ ೧೯೨೭

ಅತ್ತಿಗೆ,

ಜಾಡಿ ಬಂತು! ಕಾಗದ ಇನ್ನೂ ಬಂದಿಲ್ಲ. ದೊಡ್ಡಬೀರಪ್ಪ ಜಾಡಿಯನ್ನು ನೆಲದ ಮೇಲಿಟ್ಟು ಹಾವು ಬಿಟ್ಟವನಂತೆ ಹಿಂದಕ್ಕೆ ಹಾರಿದ. “ನಿಮ್ಮತ್ಗೆ ಹೇಳವ್ರೆ, ಕೈಗೆ ಕೊಟ್ರೆ ನನ್ ಕೈ ಮುರೀತಾರಂತೆ” ಅಂದ.

ಮುಚ್ಚಳಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಇಡೀ ಮನೆ ನಮ್ಮ ಬಾವಿಯ ಮಡಿಯಾಯಿತು. ಅನ್ನ ಕುದಿಯುವವರೆಗೂ ಕಾಯಲಾರದೆ ನಾಲಿಗೆಯ ಮೇಲೆ ಚಿಟಿಕೆ ಇಟ್ಟುಕೊಂಡೆ. ಆಮೇಲೆ ಎರಡು ಸಲ ಅನ್ನ ಹಾಕಿಕೊಂಡಾಯಿತು. ಹೊಟ್ಟೆಯಲ್ಲಿ ನಿಂತಿತು. ಇವರದೇ ಮಾತು ಹೇಳುತ್ತಿದ್ದೇನೆ. ನೀನು ಚೆನ್ನಾಗಿರಬೇಕು ಅತ್ತಿಗೆ.

ಸುಲೋಚನ

*

ಕೆಮ್ಮಣ್ಣುಗುಂಡಿ
೨೩ ಜುಲೈ ೧೯೨೭

ಅತ್ತಿಗೆ,

ದಾರಿಗೆ ಮರ ಬಿದ್ದು ಹನ್ನೆರಡು ದಿನ ಅಂಚೆ ಹತ್ತಲಿಲ್ಲ. ನಿನ್ನ ಆರನೇ ತಾರೀಖಿನ ಕಾಗದ ನಿನ್ನೆ ಕೈಗೆ ಬಂತು. ಜಾಡಿ ಆಗಲೇ ಅರ್ಧವಾಗಿದೆ. ತಿಂದವರು ಇವರಲ್ಲ. ನಾನು. ನನಗೆ ನಾಲ್ಕು ತಿಂಗಳು.

ಎಳ್ಳು ಎಂದು ಓದಿದ ತಕ್ಷಣ ಜಾಡಿಯ ಮುಚ್ಚಳ ಬಿಗಿದುಬಿಟ್ಟೆ. ಬಸುರಿಯರು ಎಳ್ಳು ಮುಟ್ಟಬಾರದು, ಇಳಿದುಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವಳೇ ನೀನು. ಹತ್ತು ಹನ್ನೆರಡು ದಿನ ಎರಡು ಹೊತ್ತೂ ತಿಂದಿದ್ದೇನೆ. ಮೊನ್ನೆಯಿಂದ ಸೊಂಟ ನೋಯುತ್ತಿದೆ. ಅದು ನೀರು ಹೊತ್ತ ನೋವೋ, ಎಳ್ಳಿನದೋ ನನಗೆ ತಿಳಿಯುತ್ತಿಲ್ಲ. ಅಂಜಿನಮ್ಮನನ್ನು ಕೇಳು. ಏನಾದರೂ ಮಾರುಮದ್ದು ಇದ್ದರೆ ಬೇಗ ಬರೆ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ಕೇಳುವ ಮೊದಲೇ ಹೇಳುತ್ತೇನೆ. ದಸರೆಗೆ ನೀನು ಬಂದಾಗ ನನಗೆ ಮೂರು ತಿಂಗಳಿತ್ತು. ನೀನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಎಷ್ಟು ಸಂತೋಷಪಟ್ಟೆ. ನೀನು ಹೋದ ನಾಲ್ಕನೇ ದಿನ ಅದು ಹೋಯಿತು. “ಹೆರದೋಳ ಕಣ್ಣು ತಾಕ್ತು. ಇನ್ನು ದಿನ ತುಂಬೋಗಂಟ ಅವಳಿಗೆ ಏನೂ ತಿಳೀಕೂಡ್ದು” ಅಂದರು ಅತ್ತೆ. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಎನ್ನಲಿಲ್ಲ. ನಿನ್ನ ಹತ್ತಿರ ಇನ್ನೊಂದು ಸುಳ್ಳು ಹೇಳಲಾರೆ ಅತ್ತಿಗೆ, ಕೆಲವು ದಿನ ನಾನೂ ನಂಬಿದೆ. ಕಾಗದ ಬರೆಯದೆ ಇದ್ದದ್ದು ಅದಕ್ಕೇ. ಗಾಡಿಗಲ್ಲ.

ದಾರಿ ಬಿಟ್ಟ ಕೂಡಲೇ ಅತ್ತೆ ಇಲ್ಲಿಗೆ ಬಂದಿದ್ದಾರೆ. ಜಾಡಿಯನ್ನು ಸೌದೆಯ ಹಿಂದೆ ಬಚ್ಚಿಟ್ಟಿದ್ದೇನೆ. ಎಳ್ಳಿನ ವಿಷಯ ತಿಳಿದರೆ ನೀನು ಬೇಕೆಂದೇ ಹಾಕಿದೆ ಅಂದಾರು. ಅದನ್ನು ನಾನು ಕೇಳಿಸಿಕೊಳ್ಳಲಾರೆ.

ಸುಲೋಚನ

*

ಅಜ್ಜಂಪುರ
೨೮ ಜುಲೈ ೧೯೨೭

ಸುಲೋಚನ,

ಇದನ್ನು ನಿಮ್ಮಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ, ಅಂಚೆಯನ್ನು ನಂಬುವುದಿಲ್ಲ.

ಹೆದರಬೇಡ. ನಿನ್ನ ಕಾಗದ ಬಂದ ಗಳಿಗೆಗೇ ಅಂಜಿನಮ್ಮನ ಮನೆಗೆ ಓಡಿದೆ. ಅವಳು ಅಂದ ಮಾತು ಅಂದ ಹಾಗೇ ಬರೆಯುತ್ತೇನೆ. “ಒಂದ್ ಜಾಡಿಗೆ ಒಂದ್ ಹಿಡಿ ಎಳ್ಳು. ಅದ್ರಾಗೆ ದಿನಾ ತಿಂದಿರೋದು ಚಿಟ್ಕೆ ಚಿಟ್ಕೆ. ಸಂಕ್ರಾಂತಿಗೆ ಎಳ್ಳು ಬೀರಿದ್ರೆ ಊರಾಗಿರೋ ಬಸುರೀರೆಲ್ಲ ಬಾಯಿ ಹೊಲ್ಕಂಡು ಕುಂತಿರ್ತಾರಾ? ನಾಕು ಕಾಳು ಬಾಯಿಗೆ ಹಾಕ್ಕಂಡೇ ಹಾಕ್ಕಂತಾರೆ. ಇಳಿಯೋದಿದ್ರೆ ಇಷ್ಟೊತ್ಗೆ ಇಳೀತಿತ್ತು.” ಹಾಗೆಂದು ಇನ್ನು ಅದನ್ನು ಮುಟ್ಟಬೇಡ. ನೀರು ಹೊರಬೇಡ. ಒಂದು ವಾರ ಮಲಗಿರು. ಸೊಂಟಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬೆಚ್ಚಗೆ ಇಟ್ಟುಕೋ, ಬಿಸಿನೀರು ಸುರಿಯಬೇಡ. ಕೆಂಪು ಕಂಡರೆ ಮಾತ್ರ ತಡಮಾಡದೆ ತರೀಕೆರೆ ಆಸ್ಪತ್ರೆಗೆ ಇಳಿಸಲಿ.

ಹೊಸ ಜಾಡಿ ಕಳಿಸಿದ್ದೇನೆ. ಕೊತ್ತಂಬರಿ, ಕರಿಬೇವು, ಒಂದಿಷ್ಟು ಜೀರಿಗೆ, ಉಪ್ಪು. ಬೇರೇನೂ ಇಲ್ಲ. ಧೈರ್ಯವಾಗಿ ತಿನ್ನು.

ಕರಿಬಸಮ್ಮ

*

ಕೆಮ್ಮಣ್ಣುಗುಂಡಿ
೨೧ ಆಗಸ್ಟ್ ೧೯೨೭

ಅತ್ತಿಗೆ,

ಇದು ಮೂರನೇ ಕಾಗದ. ಅಣ್ಣ ಬಂದು ಹೋದ ಮರುದಿನ ಒಂದು, ಎಂಟನೇ ತಾರೀಖಿಗೆ ಒಂದು ಹಾಕಿದೆ. ನಿನ್ನಿಂದ ಉತ್ತರವಿಲ್ಲ. ಅಣ್ಣ ಬರೆದ ಕಾರ್ಡಿನಲ್ಲಿ “ನಿಮ್ಮ ಅತ್ತಿಗೆ ಆರೋಗ್ಯ” ಎಂದಷ್ಟೇ ಇದೆ. ಬೈದಾದರೂ ಬರೆ. ನೀನು ಬೈಯದೆ ಇದ್ದರೆ ನನಗೆ ಭಯವಾಗುತ್ತದೆ.

ಸೊಂಟ ನೋವು ಆಗಲೇ ನಿಂತಿತು. ಈಗ ಐದು ತಿಂಗಳು. ಗುರುವಾರ ಒಲೆಯ ಮುಂದೆ ಕೂತಿದ್ದಾಗ ಒಳಗೆ ಮೀನು ಸರಿದ ಹಾಗೆ ಆಯಿತು. ಮೊದಲು ನಿನಗೆ ಹೇಳಬೇಕು ಅನಿಸಿತು. ಇವರಿಗೂ ಅತ್ತೆಗೂ ಇನ್ನೂ ಹೇಳಿಲ್ಲ. ಕಾಗದ ನಿನಗೆ ತಲುಪಿರಬಹುದು ಎನಿಸುವ ದಿನದವರೆಗೆ ಹೇಳುವುದೂ ಇಲ್ಲ.

ಒಲೆಯ ಮೇಲೆ ಜಲ್ಲಿ ಕಟ್ಟಿಸಿದೆ. ಈ ಸಲ ಉಪ್ಪು ನೀರೊಡೆಯಲಿಲ್ಲ. ಹಸಿರಾಗಿಯೇ ಒಣಗಿತು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ದೊಡ್ಡಬೀರಪ್ಪನ ಹತ್ತಿರ ಒಂದು ಡಬ್ಬಿ ಕಳಿಸುತ್ತಿದ್ದೇನೆ. ರುಚಿ ನೋಡಿ ಹೇಗಿದೆ ಎಂದಾದರೂ ಹೇಳು.

ಸುಲೋಚನ

*

ಅಜ್ಜಂಪುರ
೩ ಸೆಪ್ಟೆಂಬರ್ ೧೯೨೭

ಸುಲೋಚನ,

ಬೈದಾದರೂ ಬರೆ ಅಂದೆಯಲ್ಲ, ಬೈಯುತ್ತೇನೆ.

ನಿನ್ನ ಅತ್ತೆ ಅಂದದ್ದಕ್ಕೆ ನನಗೆ ನೋವಿಲ್ಲ. ಊರು ಹದಿನಾರು ವರ್ಷದಿಂದ ಅದನ್ನೇ ಅನ್ನುತ್ತಿದೆ. ಶುಭದ ಮನೆಯಲ್ಲಿ ನನಗೆ ಊಟಕ್ಕೆ ಕರೆ ಬರುತ್ತದೆ, ಆರತಿಯ ಹೊತ್ತಿಗೆ ಹಿತ್ತಿಲಲ್ಲಿ ಏನಾದರೂ ಕೆಲಸ ಹೇಳುತ್ತಾರೆ. ನಾನೂ ಹೋಗಿ ಮಾಡುತ್ತೇನೆ. ಆದರೆ ನೀನು? ‘ಕರಿಬಸವ್ವನಿಗೆ ಮಕ್ಕಳಿಲ್ಲ’ ಎಂದು ಯಾರಾದರೂ ಅಂದಾಗಲೆಲ್ಲ, ಇದ್ದಾಳಲ್ಲ ತರೀಕೆರೆಯಲ್ಲಿ ಒಬ್ಬಳು ಎಂದು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಅವಳೂ ನನ್ನ ಕಣ್ಣಿಗೆ ಹೆದರಿ ಬಾಗಿಲು ಮುಚ್ಚಿಕೊಂಡಳು ಎಂದು ಓದಿದ ಮೇಲೆ ಏನೆಂದು ಬರೆಯಲಿ? ಸ್ಲೇಟು ಹಿಡಿದು ಅಕ್ಷರ ಕಲಿಸಿದ್ದು ಇದನ್ನು ಓದಲಿ ಎಂದೇ?

ಅಂಜಿನಮ್ಮ ನಕ್ಕಾಗಲೇ ನನಗೆ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ, ಯಾಕೆಂದರೆ ನಾನು ನಿನ್ನನ್ನು ಅಷ್ಟು ನಂಬಿದ್ದೆ. ಆ ನಂಬಿಕೆಯಲ್ಲೇ ಎಳ್ಳು ಹುರಿದೆ. ನಿನಗೆ ಹೆಚ್ಚುಕಡಿಮೆ ಆಗಿದ್ದರೆ, ಹಾಕಿದ ಕೈ ನನ್ನದು. ನಿಮ್ಮಣ್ಣ ಗುಡ್ಡದಿಂದ ಇಳಿದು ಬಂದು “ಚೆನ್ನಾಗವ್ಳೆ ಕಣೇ, ಎದ್ದು ಊಟ ಮಾಡು” ಅನ್ನುವವರೆಗೆ ನಾನು ಒಲೆ ಹಚ್ಚಿರಲಿಲ್ಲ.

ಬೈದದ್ದಾಯಿತು. ಐದು ವಾರ ಪೆನ್ನು ಹಿಡಿಯಲಾಗದೆ ಕೂತಿದ್ದೆ, ಈಗ ಹಗುರವಾಯಿತು.

ಮಗು ಸರಿದದ್ದನ್ನು ಮೊದಲು ನನಗೆ ಹೇಳಿದೆ. ಆ ಸಾಲನ್ನು ಬೆರಳಿಟ್ಟು ಓದಿದೆ. ನಿನ್ನ ಡಬ್ಬಿಯ ಉಪ್ಪು ನೋಡಿದೆ. ಬಣ್ಣ ಚೆನ್ನಾಗಿ ಉಳಿದಿದೆ, ಆದರೆ ಮೂರಕ್ಕೆ ಒಂದು ಅಂದರೆ ನೀನು ಎರಡಕ್ಕೆ ಒಂದು ಹಾಕಿದ್ದೀಯ. ನಿಮ್ಮಣ್ಣ ಎರಡು ಚೊಂಬು ನೀರು ಕುಡಿದರು.

ಕರಿಬಸಮ್ಮ

*

ತರೀಕೆರೆ
೧೮ ಸೆಪ್ಟೆಂಬರ್ ೧೯೨೭

ಅತ್ತಿಗೆ,

ನಾನು ಗುಡ್ಡ ಇಳಿದು ಅತ್ತೆಯ ಮನೆಗೆ ಬಂದೆ. ನಿನ್ನ ಬೈಗುಳ ನನ್ನ ಜೊತೆಯಲ್ಲೇ ಬಂದಿದೆ, ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದೇನೆ. ತಪ್ಪು ನನ್ನದು. ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಬರೇ ಹೇಳಿದರೆ ಸಾಲದು ಎಂದು ಒಂದು ಕೆಲಸ ಮಾಡಿದೆ. ಇಲ್ಲಿಗೆ ಬಂದ ಎರಡನೇ ದಿನ, ಗುಡ್ಡದ ಮನೆಯಲ್ಲಿ ಸೌದೆಯ ಹಿಂದೆ ಬಚ್ಚಿಟ್ಟು, ಬರುವಾಗ ಜೊತೆಗೆ ತಂದಿದ್ದ ಆ ಹಳೆಯ ಜಾಡಿಯನ್ನು ಅತ್ತೆಯ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಎಳ್ಳು, ಓಮ, ನಾನು ಇವರ ಹೆಸರಿನಲ್ಲಿ ಬರೆದ ಸುಳ್ಳು. ಅತ್ತೆ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಎಳ್ಳು ಹಾಕವ್ಳೆ ಅಂತ ನಿಂಗ್ಯಾರು ಹೇಳಿದ್ರು?” ಅಂದರು.

“ಅವಳೇ ಬರೆದಿದ್ಲು.”

“ಕೇಡು ಬಯ್ಸೋಳು ಏನೇನ್ ಹಾಕಿದೀನಿ ಅಂತ ಕಾಗ್ದ ಬರ್ದು ಕಳಿಸ್ತಾಳಾ?” ಎಂದು ತಾವೇ ಕೇಳಿದರು. ಜಾಡಿಗೆ ಬೆರಳು ಅದ್ದಿ ನೆಕ್ಕಿದರು. ಅವತ್ತು ಊಟಕ್ಕೆ ಕೂತಾಗ ತಟ್ಟೆಯ ಪಕ್ಕಕ್ಕೆ ಎರಡು ಸಲ ಹಾಕಿಸಿಕೊಂಡರು. ಕಣ್ಣಿನ ಮಾತು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದಸರೆಯಾದ ಮೇಲೆ, ಅಕ್ಟೋಬರ್ ಹನ್ನೆರಡಕ್ಕೆ ನನಗೆ ಮಡಿಲು ತುಂಬುವ ಶಾಸ್ತ್ರ. ನೀನೂ ಅಣ್ಣನೂ ಬರಬೇಕು. ಮೊದಲ ಮಡಿಲಕ್ಕಿ ಹಾಕಲು ಎದುರುಮನೆಯ ಸಾವಿತ್ರಮ್ಮನಿಗೆ ಹೇಳೋಣ, ಐದು ಮಕ್ಕಳ ತಾಯಿ ಎಂದು ಓರಗಿತ್ತಿ ಅಂದರು. ನಮ್ಮ ಅತ್ತಿಗೆ ಹಾಕುತ್ತಾಳೆ ಎಂದೆ. ಓರಗಿತ್ತಿ ಅತ್ತೆಯ ಮುಖ ನೋಡಿದರು. ಅತ್ತೆ ಬೇಡ ಎನ್ನಲಿಲ್ಲ.

ಬರುತ್ತೀಯಲ್ಲ?

ಸುಲೋಚನ

*

ಅಜ್ಜಂಪುರ
೨೬ ಸೆಪ್ಟೆಂಬರ್ ೧೯೨೭

ಸುಲೋಚನ,

ಬರುತ್ತೇನೆ. ಹಸಿರು ಸೀರೆ ತೆಗೆದಿಟ್ಟಿದ್ದೇನೆ. ಆದರೆ ಮೊದಲ ಅಕ್ಕಿ ಸಾವಿತ್ರಮ್ಮನೇ ಹಾಕಲಿ. ನಾನು ಹಿಂದೆ ನಿಂತು ನೋಡುತ್ತೇನೆ, ನನಗೆ ಅಷ್ಟು ಸಾಕು.

ಇದು ಕೋಪವಲ್ಲ. ನಿನಗೆ ಹೇಳದ ಒಂದು ಸಂಗತಿ ನನ್ನ ಹತ್ತಿರವೂ ಇದೆ. ಹೋದ ವರ್ಷ ನಿನಗೆ ಹಾಗಾಯಿತು ಎಂದು ಸುದ್ದಿ ಬಂದಾಗ, ಯಾರೂ ಏನೂ ಅನ್ನುವ ಮೊದಲೇ ನಾನು ನನ್ನ ಕೈ ನೋಡಿಕೊಂಡೆ. ನಿನ್ನ ಹೊಟ್ಟೆಯ ಮೇಲೆ ಇಟ್ಟ ಕೈ. ನಿನ್ನ ಅತ್ತೆ ಅಂದದ್ದನ್ನು ನಾನು ಅವರಿಗಿಂತ ಮೊದಲೇ ಅಂದುಕೊಂಡಿದ್ದೆ. ಇಷ್ಟು ವರ್ಷ ಊರು ಹೇಳಿ ಹೇಳಿ ನನ್ನೊಳಗೂ ಅದು ಕೂತುಬಿಟ್ಟಿದೆ. ನಾಳೆ ನಾನು ಅಕ್ಕಿ ಹಾಕಿ, ನಿನಗೆ ಒಂದು ಮುಳ್ಳು ಚುಚ್ಚಿದರೂ ನಾನು ಬದುಕಲಾರೆ.

ಬಲವಂತ ಮಾಡಬೇಡ ಕಣೇ.

ಕರಿಬಸಮ್ಮ

*

ತರೀಕೆರೆ
೨ ಅಕ್ಟೋಬರ್ ೧೯೨೭

ಅತ್ತಿಗೆ,

ಬಲವಂತ ಮಾಡುತ್ತೇನೆ.

ನನಗೆ ಒಂಬತ್ತು ವರ್ಷವಿದ್ದಾಗ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ನೀನು ನನ್ನನ್ನು ಬಿಟ್ಟು ಕದಲಲಿಲ್ಲ. ಹಗಲೆಲ್ಲ ಆ ಕೈ ನನ್ನ ಹಣೆಯ ಮೇಲೇ ಇತ್ತು, ಆ ಕಣ್ಣು ನನ್ನ ಮುಖದ ಮೇಲೇ ಇತ್ತು. ಸಾಯುವುದಿದ್ದರೆ ಆವಾಗಲೇ ಸಾಯಬೇಕಿತ್ತು. ನಾನು ಬದುಕಿದ್ದೇನೆ, ಎರಡು ಸಲ ಅನ್ನ ಹಾಕಿಕೊಳ್ಳುತ್ತೇನೆ, ನಿನ್ನ ಮುಂದೆ ವಾದ ಮಾಡುತ್ತೇನೆ.

ನೀನು ಹಾಕುವವರೆಗೆ ನನ್ನ ಮಡಿಲು ಖಾಲಿ ಇರುತ್ತದೆ. ಮಣೆಯಿಂದ ನಾನು ಏಳುವುದಿಲ್ಲ. ಏಳು ತಿಂಗಳ ಬಸುರಿಯನ್ನು ಎಷ್ಟು ಹೊತ್ತು ಕೂರಿಸುತ್ತೀಯೋ ನಿನಗೆ ಬಿಟ್ಟದ್ದು.

ಸುಲೋಚನ

*

ಅಜ್ಜಂಪುರ
೧೭ ಅಕ್ಟೋಬರ್ ೧೯೨೭

ನನ್ನ ಸುಲೋಚನಳಿಗೆ,

ಊರು ಸೇರಿದೆವು. ಬೀರೂರಿನಲ್ಲಿ ಗಾಡಿ ಬದಲಾಯಿಸುವಾಗ ನಿನ್ನ ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಮೊಸರನ್ನದ ಮೇಲೆ ಉದುರಿಸಿದ್ದು ನನ್ನದೇ ಎಳ್ಳಿನ ಸೊಪ್ಪಿನುಪ್ಪು. ಅಂದರೆ ಆ ಜಾಡಿ ಇನ್ನೂ ಮುಗಿದಿಲ್ಲ, ಅವರೇ ಅಡಗಿಸಿಟ್ಟುಕೊಂಡು ತಿನ್ನುತ್ತಿದ್ದಾರೆ.

ನೀನು ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದೆ. ನಿನ್ನ ಹಿಂದೆ ನಡೆದದ್ದು ನಿನಗೆ ಗೊತ್ತಿಲ್ಲ. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತಿದ್ದೆ, ತುರಿದ ಕಾಯನ್ನೇ ಮತ್ತೆ ತುರಿಯುತ್ತಿದ್ದೆ. ಹೊರಗೆ ಹೆಂಗಸರು ಪಿಸುಗುಟ್ಟುವುದು ಕೇಳುತ್ತಿತ್ತು. ನಿನ್ನ ಅತ್ತೆ ತಾವೇ ಒಳಗೆ ಬಂದರು. ನನ್ನ ಕೈಯಿಂದ ಕಾಯಿ ಹೋಳು ಕಿತ್ತಿಟ್ಟರು. “ನನ್ ಬಾಯಿ ಕೆಟ್ದು ಕಣವ್ವ, ನಿನ್ ಕಣ್ಣಲ್ಲ. ಬಾ, ಆ ಹುಡ್ಗಿ ಸೊಂಟ ನೋಯ್ತದೆ” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಹೊಸಿಲವರೆಗೆ ಕೈ ಹಿಡಿದೇ ಕರೆತಂದರು.

ಆಮೇಲಿನದು ನಿನಗೆ ಗೊತ್ತು. ಅರ್ಧ ಅಕ್ಕಿ ನಿನ್ನ ಮಡಿಲಿಗೆ ಬಿತ್ತು, ಅರ್ಧ ನೆಲಕ್ಕೆ ಬಿತ್ತು. ನೀನು ನಕ್ಕೆ.

ದೀಪಾವಳಿ ಕಳೆದ ಮೇಲೆ ನಿನ್ನನ್ನು ಕಳಿಸಿಕೊಡುತ್ತೇನೆ, ಬಾಣಂತನ ನಿಮ್ಮ ಮನೆಯಲ್ಲೇ ಆಗಲಿ ಎಂದು ಅವರು ನಿಮ್ಮಣ್ಣನಿಗೆ ಹೇಳಿದ್ದಾರೆ. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಬಾಣಂತಿಗೆಂದು ಬೇರೆ ಉಪ್ಪು ಕೂಡಿಸುತ್ತೇನೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕಾಳುಮೆಣಸು. ಹಸಿಮೆಣಸಿನಕಾಯಿ ಕೇಳಿದರೆ ಕೊಡುವುದಿಲ್ಲ. ಅಂಜಿನಮ್ಮ ದಿನಾ ಬಂದು, ನಾನು ಹೇಳಿದ್ದೆ ತಾನೆ ಎಂದು ಕೂತುಕೊಳ್ಳುತ್ತಾಳೆ.

ಒಂದು ಮಾತು. ಹದಿನಾರು ವರ್ಷದಿಂದ ನಾನು ಯಾರ ಮನೆಯ ಕೂಸಿನ ಮುಖವನ್ನೂ ನೆಟ್ಟಗೆ ನೋಡಿಲ್ಲ. ತೊಟ್ಟಿಲ ಹತ್ತಿರ ಹೋದರೆ ಕಾಲಿನ ಬೆರಳು ಎಣಿಸಿ, ಚೆನ್ನಾಗಿದೆ ಎಂದು ಹೇಳಿ ಬಂದುಬಿಡುತ್ತಿದ್ದೆ. ಈ ಊರಿನ ಅರ್ಧ ಮಕ್ಕಳನ್ನು ನಾನು ಅವು ನಡೆಯಲು ಕಲಿತ ಮೇಲೆಯೇ ಗುರುತು ಹಿಡಿದದ್ದು. ನಿನ್ನ ಕೂಸು ಬರಲಿ. ಅಂಜಿನಮ್ಮ ಅದನ್ನು ತೊಳೆದು ಕೊಟ್ಟ ಕೂಡಲೇ ನಾನು ಮೊದಲು ಮುಖ ನೋಡುತ್ತೇನೆ. ಸಾಕು ಅನ್ನಿಸುವವರೆಗೂ ನೋಡುತ್ತೇನೆ, ನಡುವೆ ನೀನು ಹಾಲಿಗೆ ಕೇಳಬಾರದು.

ಕರಿಬಸಮ್ಮ